ಮೈಕಿನಲ್ಲಿ ಹೇಳಿದ ನೆನಪು

ಮದುವೆಮನೆಯ ಮೈಕಿನಲ್ಲಿ ಯಾವ ನೆನಪು ಹೇಳಿದರೂ ಅದು ಹೇಳಿದವರ ತಲೆಯಿಂದ ಅಳಿಸಿಹೋಗಿ ಮದುಮಕ್ಕಳ ಪಾಲಾಗುತ್ತಿತ್ತು. ಜನ ಜಾಣರು. ಬಸ್ಸು ತಪ್ಪಿದ್ದೋ, ಉಪ್ಪಿಟ್ಟು ಸೀದದ್ದೋ ಹೇಳಿ, ಅಕ್ಷತೆ ಹಾಕಿ ಊಟಕ್ಕೆ ನಡೆಯುತ್ತಿದ್ದರು.

ಸೋದರಮಾವ ಹಾಲೇಶಪ್ಪನೂ ಮೂರು ದಿನ ಕೂತು, ಕೊಡೆ ಕಳೆದುಕೊಂಡ ಕತೆಯನ್ನು ಚೀಟಿಯಲ್ಲಿ ಬರೆದು ತಂದಿದ್ದ. ವೇದಿಕೆ ಹತ್ತಿದಾಗ ಮದುಮಗಳು ವನಜಾ ಮೆಲ್ಲಗೆ, "ಮಾವ, ಅಮ್ಮನ ಬಗ್ಗೆ ಏನಾದ್ರೂ ಹೇಳ್ತೀರಾ?" ಎಂದಳು. ಅವಳನ್ನು ಹೆತ್ತ ವಾರಕ್ಕೇ ತಾಯಿ ತೀರಿಕೊಂಡಿದ್ದಳು. ತಂಗಿಯ ನಗು ಹಾಲೇಶಪ್ಪನಿಗೆ ನೆನಪಿದ್ದದ್ದೂ ಒಂದೇ ಒಂದು ದಿನದ್ದು.

ಅವನು ಚೀಟಿಯನ್ನು ಜೇಬಿಗಿಟ್ಟ.

"ನನ್ ತಂಗಿ ಸೈಕಲ್ ಕಲಿಯೋಕೆ ಹೋಗಿ ಸೀದಾ ತಿಪ್ಪೆಗುಂಡಿಗೆ ಬಿದ್ಲು. ಎತ್ತೋಕೆ ಹೋದ್ರೆ ನನ್ನೂ ಒಳಗೆ ಎಳ್ಕೊಂಡು ನಕ್ಕಳು ನೋಡಿ, ಹೆಂಗೆ ಅಂದ್ರೆ..." ಎಂದು ಆ ನಗುವನ್ನು ಪೂರ್ತಿಯಾಗಿ ನಕ್ಕು ತೋರಿಸಿದ.

ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ವೇದಿಕೆಯ ಕಡೆಯಿಂದ ವನಜಾ ಗೊಳ್ಳನೆ ನಕ್ಕದ್ದು ಕೇಳಿಸಿತು. ಹಾಲೇಶಪ್ಪ ತುತ್ತು ಬಿಟ್ಟು ಅತ್ತ ನೋಡಿದ.

"ಏನೇ, ಎಷ್ಟು ಚೆಂದ ನಗ್ತಾಳೆ ಹುಡುಗಿ! ನಮ್ಮ ಮನೇಲಿ ಯಾರೂ ಹಿಂಗೆ ನಕ್ಕಿದ್ದೇ ಇಲ್ವಲ್ಲ?"

ಹೆಂಡತಿ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು.