ಕಾರಣದ ಖಾನೆ

"ಏನಮ್ಮಾ ತೊಂದ್ರೆ?"

"ಏನಿಲ್ಲ ಅಕ್ಕಾ. ಸುಮ್ನೆ ಬಂದೆ."

ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದ ಕಿಟಕಿಯ ಹಿಂದೆ ಕೂತಿದ್ದ ರಿಜಿಸ್ಟರ್ ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಜಿಪ್ ಕಿತ್ತುಹೋದ ಹಸಿರು ಬ್ಯಾಗಿಗೆ ಎರಡು ಪಿನ್ನು ಚುಚ್ಚಿ, ಅದನ್ನು ಎದೆಗವಚಿಕೊಂಡು ನಿಂತಿದ್ದ ಹುಡುಗಿ. ಹಿಂದೆ ಉದ್ದ ಸಾಲು. ಪರೀಕ್ಷೆ ಬಂತೆಂದರೆ ಇಡೀ ವಿಶ್ವವಿದ್ಯಾಲಯಕ್ಕೇ ಹೊಟ್ಟೆನೋವು ಶುರುವಾಗುತ್ತದೆ, ಸರ್ಟಿಫಿಕೇಟು ಕೈಗೆ ಬಿದ್ದ ಕೂಡಲೇ ವಾಸಿಯಾಗುತ್ತದೆ ಎಂಬುದು ಅಕ್ಕನ ಇಪ್ಪತ್ತೆರಡು ವರ್ಷದ ಅನುಭವ.

"ಸುಮ್ನೆ ಬರೋಕೆ ಇದೇನು ಪಾರ್ಕಾ? ಕಾರಣದ ಖಾನೇಲಿ ಏನಂತ ಬರೀಲಿ? ಜ್ವರಾನಾ, ತಲೆನೋವಾ?"

"ಹಾಗೇನಿಲ್ಲ. ಒಳಗೆ ಒಬ್ರು ಮೇಡಂ ಮಾತಾಡಿಸ್ತಾರಂತಲ್ಲ... ಅವರ ಹತ್ರ ಒಂದೈದು ನಿಮಿಷ."

ಆಪ್ತಸಲಹೆಯ ಮೇಡಂ ಬರುವುದು ಮಂಗಳವಾರ ಮತ್ತು ಶುಕ್ರವಾರ, ಹನ್ನೊಂದರಿಂದ ಒಂದರವರೆಗೆ. ನೋಡುವುದು ಆರೇ ಜನರನ್ನು. "ನಮ್ಮ ಬಾಗಿಲು ಸದಾ ತೆರೆದಿದೆ" ಎಂದು ಬಾಗಿಲ ಮೇಲೆ ಅಂಟಿಸಿದ್ದರೂ ಒಳಗಿನ ಮಾತು ಹೊರಗೆ ಕೇಳಬಾರದೆಂದು ಅದನ್ನು ಯಾವಾಗಲೂ ಮುಚ್ಚಿಯೇ ಇಡುತ್ತಿದ್ದರು. ಆರು ಜನ ಯಾರೆಂದು ಆರಿಸುವ ಕೆಲಸ ಅಕ್ಕನದು. ಕಾರಣ ಇದ್ದವರು ಮೊದಲು ಎಂಬ ನಿಯಮವನ್ನು ಅವಳೇ ಮಾಡಿಕೊಂಡಿದ್ದಳು. ನ್ಯಾಯವಾದ ನಿಯಮ ಅದು, ಯಾರೂ ಬೆರಳು ತೋರಿಸುವಂತಿರಲಿಲ್ಲ. ಖಾನೆಯಲ್ಲಿ "ಸುಮ್ಮನೆ" ಎಂದು ಬರೆದು ಹುಡುಗಿಯ ಚೀಟಿಯನ್ನು ಎಲ್ಲದರ ಕೆಳಗಿಟ್ಟಳು. ಪರೀಕ್ಷೆ ಮುಂದೂಡಲು ಪತ್ರ ಬೇಕಿದ್ದ ಇಬ್ಬರು ಗೆಳೆಯರು "ವಿಪರೀತ ಭಯ, ಕೈಕಾಲು ನಡುಕ" ಎಂದು ಬಾಯಿಪಾಠ ಒಪ್ಪಿಸಿ, ನಗು ತಡೆದುಕೊಳ್ಳುತ್ತಾ ಒಳಗೆ ಹೋದರು. ಒಂದು ಗಂಟೆಗೆ ಮೇಡಂ ಹೊರಟರು.

"ಶುಕ್ರವಾರ ಬಾಮ್ಮಾ."

"ಪರವಾಗಿಲ್ಲ ಅಕ್ಕಾ," ಎಂದು ಹುಡುಗಿ ಅಕ್ಕ ವಾಪಸು ಕೊಟ್ಟ ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಶುಕ್ರವಾರ ಬಂದಳು. "ಮತ್ತೆ ಸುಮ್ನೇನಾ?" ಎಂದು ಅಕ್ಕ ಛೇಡಿಸಿದಾಗ ತಾನೂ ನಕ್ಕಳು. ಮರುವಾರವೂ ಬಂದು, ಬೆಂಚಿನ ತುದಿಯಲ್ಲಿ ಒಂದು ಗಂಟೆಯವರೆಗೆ ಕೂತು, ಎದ್ದು ಹೋದಳು. ಆಮೇಲೆ ಬರಲಿಲ್ಲ. ಹುಷಾರಾಗಿರಬೇಕು ಅಂದುಕೊಂಡಳು ಅಕ್ಕ. ಆ ವಾರದ ಕೊನೆಗೆ ಹಾಸ್ಟೆಲಿನಲ್ಲಿ ಒಬ್ಬಳು ಯಾರಿಗೂ ಒಂದು ಮಾತೂ ಹೇಳದೆ ಜೀವ ಕಳೆದುಕೊಂಡಳೆಂದು ಸುದ್ದಿ ಬಂತು. "ಯಾರ ಮನೆ ಮಗಳೋ ಪಾಪ, ಬಾಯಿಬಿಟ್ಟು ಹೇಳಬಾರದಿತ್ತಾ," ಎಂದು ಲೊಚಗುಟ್ಟಿ ಅಕ್ಕ ಮುಂದಿನ ಚೀಟಿ ಬರೆದಿದ್ದಳು.

ಇವತ್ತು, ಹದಿನೈದು ದಿನದ ಮೇಲೆ, ಕಿಟಕಿಯ ಮುಂದೆ ಒಬ್ಬ ನಡುವಯಸ್ಸಿನ ಮನುಷ್ಯ ನಿಂತಿದ್ದ. ಅಕ್ಕ ಅವನ ಮುಖ ನೋಡುವ ಮೊದಲು ಬ್ಯಾಗು ನೋಡಿದಳು. ಹಸಿರು, ಎರಡು ಪಿನ್ನು.

"ಹಾಸ್ಟೆಲಿಂದ ಸಾಮಾನು ತಗೊಂಡು ಹೋಗೋಕೆ ಬಂದೆ. ಬ್ಯಾಗಲ್ಲಿ ಇವು ಸಿಕ್ವು." ಅವನು ಮೂರು ಚೀಟಿಗಳನ್ನು ಕಿಟಕಿಯೊಳಗೆ ತಳ್ಳಿದ. "ನನ್ ಮಗಳು ಇಲ್ಲಿಗೆ ಬಂದಿದ್ಲಾ? ಏನಾಗಿದೆ ಅಂದ್ಲು?"

ಅಕ್ಕ ರಿಜಿಸ್ಟರನ್ನು ಅವನ ಕಡೆ ತಿರುಗಿಸಿದಳು. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಅವನು ಬೆರಳಿಟ್ಟು ಮಗಳ ಹೆಸರು ಹುಡುಕಿದ, ಅಡ್ಡಕ್ಕೆ ಕಾರಣದ ಖಾನೆಯವರೆಗೆ ಬಂದ, ಹಾಳೆ ತಿರುವಿದ. ಮೂರು ಕಡೆಯೂ ಒಂದೇ ಪದ.

"ನಂಗೂ ಹಾಗೇ ಫೋನ್ ಮಾಡೋಳು," ಅಂದ. "ಕೆಲಸದ ಹೊತ್ತಲ್ಲೇ ಮಾಡೋಳು. ಏನಮ್ಮಾ ಅಂದ್ರೆ, ಸುಮ್ನೆ ಮಾಡ್ದೆ ಅಪ್ಪಾ ಅನ್ನೋಳು. ಸರಿ ಹಾಗಾದ್ರೆ ಅಂತ ನಾನು ಇಟ್ಬಿಡ್ತಿದ್ದೆ."

ಅಕ್ಕನಿಗೆ ಕ್ಷಮಿಸಿ ಎನ್ನಬೇಕೆನಿಸಿತು. ನನ್ನ ತಪ್ಪೇನು, ಅವಳು ಹೇಳಿದ್ದನ್ನೇ ಬರೆದೆನಲ್ಲ ಎಂದು ಮನಸ್ಸು ವಾದ ಹೂಡಿತು. ಅದೇ ಮನಸ್ಸು ಥೂ ಎಂದಿತು. ಅಷ್ಟರಲ್ಲಿ ಹಿಂದಿದ್ದ ಹುಡುಗ "ಹೊಟ್ಟೆನೋವು" ಎಂದು ಕಿಟಕಿಗೆ ಮುಖ ತೂರಿಸಿದ. ತಂದೆ ಪಕ್ಕಕ್ಕೆ ಸರಿದ. ಅಕ್ಕ ಬರೆದಳು. ಅವನ ಹಿಂದಿನವರದೂ ಬರೆದಳು. ಮೇಡಂ ಆರು ಜನರನ್ನು ನೋಡಿ ಎದ್ದರು.

ಸಾಲು ಕರಗಿದ ಮೇಲೆ ನೋಡಿದರೆ, ಅವನು ಹೋಗಿರಲಿಲ್ಲ. ಬೆಂಚಿನ ತುದಿಯಲ್ಲಿ, ಮಗಳು ಕೂರುತ್ತಿದ್ದ ಜಾಗದಲ್ಲೇ, ಬ್ಯಾಗನ್ನು ಎದೆಗವಚಿಕೊಂಡು ಕೂತಿದ್ದ. ಅಕ್ಕ ಕುರ್ಚಿ ಬಿಟ್ಟೆದ್ದು ಹೊರಗೆ ಬಂದಳು.

"ಅಣ್ಣಾ, ಯಾರನ್ನಾದ್ರೂ ನೋಡ್ಬೇಕಿತ್ತಾ?"

"ಏನಿಲ್ಲಮ್ಮಾ," ಅಂದ ಅವನು. "ಸುಮ್ನೆ ಕೂತೆ."

ಅಕ್ಕ ಗಕ್ಕನೆ ಮೇಡಂ ಕೋಣೆಯ ಕಡೆ ತಿರುಗಿದಳು. ಸದಾ ತೆರೆದಿರುವ ಬಾಗಿಲಿಗೆ ಬೀಗ ಬಿದ್ದಿತ್ತು.