ಟ್ರಯಲ್ ರೂಮಿನ ಚಳಿಗಾಲ

ಊರಿನಲ್ಲಿ ಬೇಸಿಗೆಯೊಂದೇ ಉಳಿದ ಮೇಲೂ ನಂಜುಂಡಶೆಟ್ಟರು ಮೂರೂ ಕಾಲದ ಬಟ್ಟೆ ಮಾರುವ ಹಟ ಬಿಡಲಿಲ್ಲ. ಗಿರಾಕಿಗಳಿಗೆ ನಂಬಿಕೆ ಬರಲೆಂದು ಟ್ರಯಲ್ ರೂಮಿನಲ್ಲಿ ಅಸಲಿ ಚಳಿಗಾಲವನ್ನೇ ತಂದು ಕೂಡಿಹಾಕಿದ್ದರು. ಒಳಗೆ ಮಂಜು ಕವಿದಿರುತ್ತಿತ್ತು, ಹಲ್ಲು ಕಟಕಟಿಸುವ ಗಾಳಿ ಬೀಸುತ್ತಿತ್ತು. ಸರದಿ ಸಾಲು ರಸ್ತೆಯವರೆಗೆ ಬೆಳೆಯಿತು. ಬಿಕರಿಯಾದ ಸ್ವೆಟರ್ ಮಾತ್ರ ಒಂದೂ ಇಲ್ಲ.

ಇವತ್ತು ಆ ಕೋಣೆಗೆ ಬೀಗ ಜಡಿಯುವುದೇ ಸೈ ಎಂದು ಶೆಟ್ಟರು ಬೀಗ ಹಿಡಿದು ನಿಂತಿದ್ದಾಗ, ಮೂರನೇ ಸಲ ಒಳಹೊಕ್ಕಿದ್ದ ಗಿರಾಕಿ ಗೌರಾಂಬಮ್ಮ ನೀಲಿ ಸ್ವೆಟರ್ ಹಿಡಿದು ಹೊರಗೆ ಬಂದರು. ಅವರಿಗೆ ಹಸಿರು ಸ್ವೆಟರ್ ಚುಚ್ಚುತ್ತಿತ್ತಂತೆ, ಕೆಂಪು ಬಿಗಿಯಂತೆ, ಈಗ ನೀಲಿ ವಯಸ್ಸಿಗೆ ಒಪ್ಪುವುದಿಲ್ಲವಂತೆ.

"ಅಲ್ಲಮ್ಮಾ, ಮಡಿಕೆನೇ ಬಿಚ್ಚಿಲ್ಲ! ಹಾಕ್ಕೊಳ್ದೇನೆ ಅದು ಹೆಂಗೆ ಗೊತ್ತಾಯ್ತು?" ಶೆಟ್ಟರು ರೇಗಿದರು.

ಗೌರಾಂಬಮ್ಮ ನವಿರೆದ್ದ ತೋಳನ್ನು ಮಗುವಿನ ಕೆನ್ನೆಯ ಹಾಗೆ ಸವರಿಕೊಂಡರು.

"ಅದನ್ನ ಹಾಕ್ಕೊಂಡ್ರೆ ಚಳಿ ಆಗುತ್ತೇನ್ರೀ ಶೆಟ್ರೇ?"

ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಬರೀ ಬನಿಯನ್ನಿನಲ್ಲಿ ಆ ಕೋಣೆಯೊಳಗೆ ನಿಂತು ಸುಖವಾಗಿ ನಡುಗುತ್ತಿದ್ದವರು ಶೆಟ್ಟರೇ. ಬೀಗವನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟರು.

"ಬೂದು ಬಣ್ಣದ್ದು ಒಂದಿದೆ, ನೋಡ್ತೀರಾ?"