ನಗಬಾರದೆಂದು ಬಂದವರು

"ಯಾರೂ ಹಲ್ಲು ಬಿಡಬಾರ್ದು. ನನ್ನ ಆಣಿ ಅದ," ಎಂದು ಸೋನಾಲಿ ಸಭಾಗೃಹದ ಬಾಗಿಲಲ್ಲಿ ಮತ್ತೊಮ್ಮೆ ಎಚ್ಚರಿಸಿದಳು. ಪುಣೆಯ ಕೊಂಢವಾ ಬಡಾವಣೆಯ ಕಟ್ಟಡಗಳಲ್ಲಿ ದುಡಿಯುವ ಅವಳ ಓಣಿಯ ಜನ ತಲೆಯಾಡಿಸಿ ಒಳಗೆ ಹೋದರು. ಹೆಚ್ಚುಕಡಿಮೆ ಇಡೀ ಸಭಾಗೃಹ ಅವರಿಂದಲೇ ತುಂಬಿತು.

"ತಡಕೊಳ್ಳಾಕ ಆಗಲಿಲ್ಲಂದ್ರ?" ಎಂದಳು ನೆರೆಮನೆಯ ಅವ್ವಮ್ಮ.

"ಸೆರಗು ಬಾಯಾಗ ತುರುಕ್ಕೋ, ಕಾಕಿ."

ಅಂದು ತೋರಿಸಲಿದ್ದ ಹಾಸ್ಯಚಿತ್ರ ರಕ್ಷಿತನದು. ಅದೇ ಊರಿನ ಕ್ಯಾಂಪ್ ಪ್ರದೇಶದಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವರ ಮಗ. ರಕ್ತ ಹೀರುವ ಪಿಶಾಚಿಯ ಪಾತ್ರಕ್ಕೆಂದು ಸೋನಾಲಿಯ ಅಪ್ಪ ಹುಸೇನಪ್ಪನನ್ನು ಕರೆದೊಯ್ದಿದ್ದ. ಗೌಂಡಿ ಕೆಲಸಕ್ಕೆ ಪುಣೆಗೆ ಬರುವ ಮೊದಲು ಅಪ್ಪ ಊರಿನ ದೊಡ್ಡಾಟದಲ್ಲಿ ರಕ್ಕಸನಾಗಿ ಕುಣಿಯುತ್ತಿದ್ದನಂತೆ. ಪುಣೆಯಲ್ಲೇ ಹುಟ್ಟಿದ ಸೋನಾಲಿ ಅದನ್ನು ಕಂಡಿರಲಿಲ್ಲ.

ಹೋದ ವಾರ ಚಿತ್ರದ ತುಣುಕೊಂದು ಎಲ್ಲರ ಮೊಬೈಲಿಗೆ ಬಂತು. ಅದರಲ್ಲಿ ಅಪ್ಪನ ಕೋರೆಹಲ್ಲು ವಡಾಪಾವಿನಲ್ಲಿ ಸಿಕ್ಕಿಕೊಂಡಿತ್ತು. "ಏ ಪಾವ್ ರಕ್ಕಸಾ!" ಎಂದು ಓಣಿಯ ಪಡ್ಡೆಹುಡುಗರು ಕೂಗಿದರು. ಅಂದಿನಿಂದ ಅಪ್ಪ ಟವೆಲು ಮುಸುಕು ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕುಳಿತುಬಿಟ್ಟ. ಮಾತಿಲ್ಲ. ಊಟಕ್ಕೆ ಕರೆದರೆ ಕೈ ಮಾತ್ರ ಚಾಚುತ್ತಿದ್ದ. ಇಂದೂ ಅವನನ್ನು ಹಾಗೇ ಬಿಟ್ಟು ಬಂದಿದ್ದಳು.

ರಕ್ಷಿತ ಎದುರಾದ. "ತಂದೆಯವರು ಹೇಗಿದ್ದಾರೆ?"

"ಮಾತಾಡವಲ್ಲ. ಯಾರಿಗೂ ಮುಖ ತೋರಸವಲ್ಲ. ನಿಮ್ಮ ಸಿನಿಮಾದಿಂದಾನ."

"ಗೊತ್ತುಂಟು," ಎಂದು ಅವನು ಮುಗುಳ್ನಕ್ಕ. "ಇವತ್ತು ಮಾತಾಡ್ತಾರೆ. ಜನ ನಗ್ಬೇಕು, ಅಷ್ಟೇ."

ಆ ಮುಗುಳ್ನಗೆ ಅವಳ ಎದೆಗೆ ಬೆಂಕಿ ಹಚ್ಚಿತು. "ಹೌದ್ರಿ? ನೋಡೂಣು."

ಮೊದಲ ಸಾಲಿನಲ್ಲಿ ಮುಂಬೈಯ ವಿತರಕ ಕುಳಿತಿದ್ದ. ಜನ ನಕ್ಕರೆ ಚಿತ್ರ ಥಿಯೇಟರಿಗೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಅದನ್ನು ತಿಳಿದೇ ಸೋನಾಲಿ ಓಣಿಯ ಮನೆಮನೆಗೂ ಹೋಗಿ ನಗಬೇಡಿರೆಂದು ಹೇಳಿ ಬಂದಿದ್ದಳು.

ದೀಪ ಆರಿತು. ಪರದೆಯ ಮೇಲೆ ಅಪ್ಪ ಬಂದ. ಕಚ್ಚುವ ಮುನ್ನ ದೊಡ್ಡಾಟದ ಅಬ್ಬರದಲ್ಲಿ ಆರ್ಭಟಿಸಿ, ಮೂರು ಸುತ್ತು ಕುಣಿದು, ತನ್ನ ಹೆಸರು ಕುಲ ಎಲ್ಲ ಹೇಳಿಕೊಂಡ. ಅಷ್ಟರಲ್ಲಿ ಕಚ್ಚಿಸಿಕೊಳ್ಳಬೇಕಾದವನು ರಿಕ್ಷಾ ಹತ್ತಿ ಹೋಗಿಯಾಗಿತ್ತು.

ಅವ್ವಮ್ಮ ಸೆರಗು ಕಚ್ಚಿದಳು. ಗಂಡಸರು ನೆಲ ನೋಡಿದರು. ಸೋನಾಲಿಗೂ ನಗು ಗಂಟಲಿಗೆ ಬಂತು. ತುಟಿ ಎಷ್ಟು ಬಿಗಿಯಾಗಿ ಕಚ್ಚಿದಳೆಂದರೆ ನಾಲಿಗೆಗೆ ರಕ್ತದ ಉಪ್ಪು ತಗುಲಿತು.

ಯಾರೂ ನಗಲಿಲ್ಲ.

ರಕ್ಷಿತ ಪರದೆ ನೋಡುತ್ತಿರಲಿಲ್ಲ. ಪಕ್ಕದ ಬಾಗಿಲನ್ನೇ ಮತ್ತೆ ಮತ್ತೆ ನೋಡುತ್ತಿದ್ದ. ಓಡಿಹೋಗಲು ದಾರಿ ಹುಡುಕುತ್ತಿದ್ದಾನೆ, ಹುಡುಕಲಿ ಎಂದುಕೊಂಡಳು. ಅರ್ಧದಲ್ಲೇ ವಿತರಕ ಎದ್ದು, ರಕ್ಷಿತನ ಭುಜ ತಟ್ಟಿ ಹೊರಟುಹೋದ.

ದೀಪ ಹತ್ತಿದಾಗ ಸೋನಾಲಿ ನೇರವಾಗಿ ಹೋಗಿ ರಕ್ಷಿತನ ಮುಂದೆ ನಿಂತಳು. "ನಮ್ಮಪ್ಪನ್ನ ನಗೆಪಾಟಲು ಮಾಡಿದ್ರಿ. ಈಗ ಹೆಂಗ ಅನಸ್ತದ?"

"ನೀವಾ ಹೇಳಿದ್ದು, ನಗಬೇಡಿ ಅಂತ?" ರಕ್ಷಿತನ ಮುಖ ಬಿಳಿಚಿತು. ಹೋಗಿ ಪಕ್ಕದ ಬಾಗಿಲು ತೆರೆದ.

ಹೊರಗೆ ಹುಸೇನಪ್ಪ ನಿಂತಿದ್ದ. ತಲೆಯ ಮೇಲೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಮುಖಕ್ಕೆ ಕೆಂಪು ಬಣ್ಣ. ಒಂದು ಕೆನ್ನೆಯ ಬಣ್ಣ ಮಾತ್ರ ಪೂರ್ತಿ ಅಳಿಸಿಹೋಗಿತ್ತು.

"ಆಟಕ್ಕ ವಾರ ಇದ್ದಾಗಿಂದ ಆಟದ ದಿನದ ತನಕ ರಕ್ಕಸ ಮುಖ ತೋರಸಬಾರ್ದು, ಮಾತಾಡಬಾರ್ದು, ಮಂದಿ ನಕ್ಕ ಮ್ಯಾಲೇ ಒಳಗ ಬರಬೇಕು; ಅದು ನಮ್ಮ ಮೇಳದ ನೇಮ, ಯವ್ವಾ," ಎಂದ ಹುಸೇನಪ್ಪ. "ಬಾಗಲಕ್ಕ ಕಿವಿ ಹಚ್ಚಿ ನಿಂತಿದ್ದೆ. ಒಬ್ಬರಿಗೂ ನಗು ಬರಲಿಲ್ಲೇನು?"